ತಾಯಂದಿರ ಕೋಣೆಯ ಬೀಗದ ಬಗ್ಗೆ

ಎರಡನೇ ಬೇಸಿಗೆ, ಮೂವತ್ತೇಳನೇ ದಿನ, 2143
ನಾಗರಕಟ್ಟಿ ತಾಲೂಕು

ನಾಗರಕಟ್ಟಿ ಬಸ್ ನಿಲ್ದಾಣ ಸುಧಾರಣಾ ಸಮಿತಿಯ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ಮೇಲಿನ ತಾರೀಖು ನೋಡಿ ಇದು ಯಾರೋ ಪಡ್ಡೆ ಹುಡುಗರ ಕುಚೋದ್ಯವೆಂದುಕೊಂಡು, ಸಭೆಗೆ ತರಿಸಿದ ಮಿರ್ಚಿಯ ಎಣ್ಣೆ ಒರೆಸಲು ಈ ಹಾಳೆ ಬಳಸಬೇಡಿ. ನಮಗೆ ಈಗ ವರ್ಷಕ್ಕೆ ಎರಡು ಬೇಸಿಗೆ. ತಿಂಗಳುಗಳ ಹೆಸರನ್ನು ಪಂಚಾಂಗದವರು ಮತ್ತು ಹಳೆಯ ಮುದುಕಿಯರು ಬಿಟ್ಟರೆ ಯಾರೂ ಹೇಳುವುದಿಲ್ಲ. ನನ್ನ ಬರಹದಲ್ಲಿ ನೀವು ಕೇಳದ ಪದಗಳು ಬರುತ್ತವೆ. ಬಂದಲ್ಲಿ ಬಿಡಿಸಿ ಹೇಳುತ್ತೇನೆ. ವಾಕ್ಯ ನಡುವೆ ದಾರಿ ತಪ್ಪಿದರೆ ಮನ್ನಿಸಿ. ನನಗೆ ಮೂರು ತಿಂಗಳ ಕೂಸಿದೆ, ಹೆರಿಗೆಯಾದ ಮೇಲೆ ಒಂದು ನಿದ್ದೆಯೂ ಪೂರ್ತಿಯಾಗಿಲ್ಲ. ಆದರೆ ನನ್ನ ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ಅದು ನಿದ್ದೆಗೇಡಿತನದಿಂದ ಬಂದದ್ದಲ್ಲ, ನಿಮ್ಮಿಂದ ಬಂದದ್ದು.

ಈ ಪತ್ರ ನಿಮ್ಮ ಕೈಗೆ ಹೇಗೆ ಬಂತು ಎಂದು ಕೇಳುತ್ತೀರಿ. ನಮ್ಮಲ್ಲಿ ಹೆತ್ತ ಪ್ರತಿ ಹೆಣ್ಣಿಗೂ ಸರ್ಕಾರ ಒಂದು ಹಿಂದಂಚೆ ಕೊಡುತ್ತದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಕಳಿಸಬಹುದಾದ ಒಂದೇ ಒಂದು ಪತ್ರ. ಹೆಚ್ಚಿನವರು ಅದನ್ನು ತೀರಿಹೋದ ತಾಯಿಗೋ ಅಜ್ಜಿಗೋ ಬರೆಯುತ್ತಾರೆ. ಬಾಣಂತಿ ಕಾರ ಹೇಗೆ ಕುಟ್ಟುತ್ತಿದ್ದಿರಿ, ನನ್ನನ್ನು ಹೇಗೆ ಮಲಗಿಸುತ್ತಿದ್ದಿರಿ ಎಂದೆಲ್ಲ ಕೇಳಿ ಅತ್ತು ಹಗುರಾಗುತ್ತಾರೆ. ನನ್ನ ತಾಯಿ ನಾನು ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಗ ಹೋದಳು. ಆಕೆಗೆ ಬರೆಯಬೇಕೆಂದು ಬಸುರಿಯಾದ ದಿನದಿಂದ ಮನಸ್ಸಿನಲ್ಲೇ ಸಾಲು ಕಟ್ಟಿಕೊಂಡಿದ್ದೆ. ಆ ಪತ್ರವನ್ನು ಈಗ ಬಸ್ ನಿಲ್ದಾಣದ ಕಮಿಟಿಯೊಂದಕ್ಕೆ ಬರೆಯುತ್ತಿದ್ದೇನೆ. ನಮ್ಮತ್ತೆಗೆ ಗೊತ್ತಾದಾಗ ಹಣೆ ಹಣೆ ಬಡಿದುಕೊಂಡರು. "ಹುಚ್ಚಿ ಅದೀಯೇನ ನೀ? ಹಡದವ್ವನ್ನ ಬಿಟ್ಟು ಬಸ್‌ಸ್ಟ್ಯಾಂಡಿಗೆ ಯಾರರ ಕಾಗದಾ ಬರೀತಾರೇನ?" ಎಂದರು. ನಾನು ಏನು ಕಳೆದುಕೊಂಡು ಇದನ್ನು ಬರೆಯುತ್ತಿದ್ದೇನೆ ಎಂಬುದು ನಿಮಗೆ ತಿಳಿದಿರಲಿ ಎಂದಷ್ಟೇ ಇದನ್ನು ಹೇಳಿದೆ.

ನನ್ನ ಮಗಳು ರೇವಾ. ಹುಟ್ಟುವಾಗಲೇ ಅವಳ ಎಡಪಾದ ಒಳಕ್ಕೆ ತಿರುಗಿತ್ತು. ಇದು ನಿಮ್ಮ ಕಾಲದಲ್ಲೂ ಇದ್ದ ತೊಂದರೆ, ನಿಮ್ಮ ಕಾಲದಲ್ಲೂ ಸರಿಹೋಗುತ್ತಿದ್ದ ತೊಂದರೆ. ವಾರಕ್ಕೊಮ್ಮೆ ಜಿಲ್ಲಾಸ್ಪತ್ರೆಗೆ ಒಯ್ದು ಪಾದವನ್ನು ಸ್ವಲ್ಪ ಸ್ವಲ್ಪವೇ ಹೊರಕ್ಕೆ ತಿರುಗಿಸಿ ತೊಡೆಯವರೆಗೆ ಗಟ್ಟಿ ಪಟ್ಟಿ ಹಾಕಿಸಬೇಕು. ಒಂದು ವಾರ ತಪ್ಪಿದರೆ ತಿರುಗಿದ ಪಾದ ಹಳೆಯ ದಿಕ್ಕು ಹಿಡಿಯುತ್ತದೆ. ಹೋದ ತಿಂಗಳು ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದರು. ಕೂಸಿನ ತೂಕ ಇಳಿಯುತ್ತಿದೆ, ಹೀಗೇ ಇಳಿದರೆ ಪಟ್ಟಿ ಬಿಚ್ಚಿ ಚಿಕಿತ್ಸೆ ನಿಲ್ಲಿಸಬೇಕಾಗುತ್ತದೆ, ಪಟ್ಟಿಯ ಭಾರ ಹೊರುವ ಶಕ್ತಿ ಅದಕ್ಕೆ ಇರುವುದಿಲ್ಲ. "ಮನ್ಯಾಗ ಚೊಲೋ ಕುಡೀತಾಳ್ರಿ" ಎಂದೆ. "ಹಂಗಾರ ಎಲ್ಲಿ ಕುಡ್ಯಾಂಗಿಲ್ಲ?" ಎಂದು ಕೇಳಿದರು. ನಾನು ಉತ್ತರ ಹೇಳಿದೆ. ನಾಗರಕಟ್ಟಿ ಬಸ್ ನಿಲ್ದಾಣದಲ್ಲಿ.

ಇಲ್ಲಿ ನಮ್ಮ ಬಸ್ಸುಗಳ ವಿಷಯ ಸ್ವಲ್ಪ ಹೇಳಬೇಕು. ಅವಕ್ಕೆ ಡ್ರೈವರ್ ಇಲ್ಲ, ಕಂಡಕ್ಟರ್ ಮಾತ್ರ ಉಳಿದಿದ್ದಾನೆ, ಏಕೆಂದರೆ ಸೀಟಿನ ಜಗಳ ಬಿಡಿಸುವ ಯಂತ್ರ ಇನ್ನೂ ಯಾರಿಗೂ ಮಾಡಲಾಗಿಲ್ಲ. ಕಿಟಕಿಗಳು ತೆರೆಯುವುದಿಲ್ಲವಾದ್ದರಿಂದ ಜನ ಈಗ ಬಾಗಿಲು ಬಿಚ್ಚುತ್ತಿದ್ದಂತೆ ಟವೆಲ್ಲನ್ನು ತಲೆಗಳ ಮೇಲಿಂದ ಬೀಸಿ ಎಸೆದು ಸೀಟು ಹಿಡಿಯುತ್ತಾರೆ. ನಮ್ಮೂರ ಗೌಡರ ಅಳಿಯ ಹಿಂದಿನ ಬಾಗಿಲಿನಿಂದ ಮುಂದಿನ ಸೀಟಿಗೆ ಗುರಿ ತಪ್ಪದೆ ಎಸೆಯಬಲ್ಲ; ಮದುವೆ ಮಾತುಕತೆಯಲ್ಲಿ ಅದನ್ನೂ ಹೇಳಿದ್ದರಂತೆ. ಇದೆಲ್ಲ ನಿಮಗೆ ಹೊಸದಲ್ಲ. ಹೊಸದು ಬಿಸಿಲುತಂಗು. ಬೆಳಿಗ್ಗೆ ಹನ್ನೊಂದಕ್ಕೆ ಬಿಸಿಲು ಮನುಷ್ಯರಿಗೆ ತಡೆಯದ ಮಟ್ಟಕ್ಕೇರುತ್ತದೆ. ಆಗ ಎಲ್ಲಿದ್ದ ಬಸ್ಸು ಹತ್ತಿರದ ನಿಲ್ದಾಣ ಸೇರಬೇಕು, ಜನರೆಲ್ಲ ಇಳಿದು ಒಳಗೆ ಹೋಗಬೇಕು, ಸಂಜೆ ನಾಲ್ಕರವರೆಗೆ ಹೊರಗೆ ಕಾಲಿಡುವಂತಿಲ್ಲ. ಅಂದರೆ ನಮ್ಮ ಕಾಲದಲ್ಲಿ ಪ್ರಯಾಣವೆಂದರೆ ಅರ್ಧ ಬಸ್ಸು, ಅರ್ಧ ಬಸ್ ನಿಲ್ದಾಣ. ಜನ ಅಲ್ಲಿ ಉಣ್ಣುತ್ತಾರೆ, ಪರೀಕ್ಷೆಗೆ ಓದುತ್ತಾರೆ, ಹೆಣ್ಣು ನೋಡುತ್ತಾರೆ, ಒಮ್ಮೊಮ್ಮೆ ಸಾಯುತ್ತಾರೆ. ನೀವು ಹತ್ತು ನಿಮಿಷ ಕಾಯುವವರಿಗಾಗಿ ಕಟ್ಟುತ್ತಿರುವ ನಿಲ್ದಾಣದಲ್ಲಿ ನಾವು ಬದುಕಿನ ದೊಡ್ಡ ಪಾಲು ಕಳೆಯುತ್ತೇವೆ.

ಆ ನಿಲ್ದಾಣ ಹೇಗಿದೆ ಗೊತ್ತೇ? ಬೆಂಚುಗಳು ಮುಂದಕ್ಕೆ ಇಳಿಜಾರು. ಅವಕ್ಕೆ ಜಾರುಬೆಂಚು ಎಂದೇ ಹೆಸರು. ಯಾರೂ ಮಲಗಬಾರದೆಂದು ಮೊದಲು ಅಂಥವನ್ನು ಹಾಕಿಸಿದವರು ನೀವೇ. ಕೈಯಲ್ಲಿ ಪಟ್ಟಿಗಾಲಿನ ಕೂಸು ಇಟ್ಟುಕೊಂಡು ಐದು ಗಂಟೆ ಜಾರುಬೆಂಚಿನ ಮೇಲೆ ಕೂತರೆ ತೊಡೆಗಳು ನಡುಗುತ್ತವೆ. ಸೆಲ್ಫಿ ಕಟ್ಟೆ ಮಾತ್ರ ಮದುವೆ ಮಂಟಪದಷ್ಟು ದೊಡ್ಡದು. ಯಾಕೆಂದರೆ ನಮ್ಮಲ್ಲಿ ಯಾವ ಸೌಕರ್ಯಕ್ಕೆ ಎಷ್ಟು ಜಾಗ ಎಂಬುದನ್ನು ಮನುಷ್ಯರು ನಿರ್ಧರಿಸುವುದಿಲ್ಲ, ಬಳಕೆಗಣ್ಣು ನಿರ್ಧರಿಸುತ್ತದೆ. ಬಳಕೆಗಣ್ಣು ಎಂದರೆ ಸೂರಿನಲ್ಲಿ ಕೂತು ಯಾರು ಏನನ್ನು ಎಷ್ಟು ಬಳಸಿದರೆಂದು ನೋಡುವ ಯಂತ್ರ. ಹೆಚ್ಚು ಬಳಸಿದ್ದು ಬೆಳೆಯುತ್ತದೆ, ಬಳಸದ್ದು ಹೋಗುತ್ತದೆ. ಕೇಳಲು ನ್ಯಾಯವಾಗಿಯೇ ಇದೆ. ಪ್ರಯಾಣದ ದಿನ ಹೆಂಗಸರು ಬೆಳಗಿನಿಂದ ನೀರು ಕುಡಿಯುವುದಿಲ್ಲ. ನಿಮ್ಮ ಮನೆಯ ಹೆಂಗಸರೂ ಕುಡಿಯುವುದಿಲ್ಲ, ಅನುಮಾನವಿದ್ದರೆ ಇವತ್ತು ಮನೆಗೆ ಹೋಗಿ ಕೇಳಿ. ಶೌಚಾಲಯದ ಹೊಲಸು ಬಾಯಲ್ಲಿ ಹೇಳುವಂತಿಲ್ಲವೆಂದು ಅವರು ನೀರು ಬಿಟ್ಟರು. ಬಳಕೆಗಣ್ಣು, ಹೆಂಗಸರಿಗೆ ಶೌಚಾಲಯದ ಅಗತ್ಯ ಕಡಿಮೆ ಎಂದು ತಿಳಿದು, ಇದ್ದದ್ದರಲ್ಲಿ ಅರ್ಧ ತೆಗೆಯಿತು. ಉಳಿದರ್ಧ ಇನ್ನೂ ಗಬ್ಬೆದ್ದಿತು. ಹೆಂಗಸರು ಹಿಂದಿನ ದಿನ ಸಂಜೆಯಿಂದಲೇ ನೀರು ಬಿಟ್ಟರು. ಹಾಲುಣಿಸುವ ಹೆಣ್ಣು ನೀರು ಬಿಟ್ಟರೆ ಏನಾಗುತ್ತದೆಂದು ನಾನು ಬಿಡಿಸಿ ಹೇಳಬೇಕೇ?

ಈಗ ಬೀಗದ ವಿಷಯ. ನಿಲ್ದಾಣದ ನಡುವೆ ಒಂದು ಹಳೆಯ ಕೋಣೆ ಇದೆ. ನಿಲ್ದಾಣವನ್ನು ನಾಲ್ಕು ಸಲ ಕೆಡವಿ ಕಟ್ಟಿದರೂ ಹಿಂದಿನವರ ಪರಂಪರೆಯೆಂದು ಅದನ್ನು ಮುಟ್ಟಿಲ್ಲ, ಸುತ್ತಲೂ ಕಟ್ಟಿದ್ದಾರೆ. ಅದರ ಬಾಗಿಲ ಮೇಲೆ "ತಾಯಂದಿರು ಮಗುವಿಗೆ ಹಾಲುಣಿಸುವ ಕೋಣೆ" ಎಂದು ನಿಮ್ಮ ಕಾಲದ ಅಕ್ಷರದಲ್ಲಿ ಬರೆದಿದೆ. ಪಕ್ಕದ ಸಣ್ಣ ಕಿಟಕಿಗೆ ಗಾಜು. ಒಳಗೆ ದಪ್ಪ ಗೋಡೆ, ಎತ್ತರದ ಸೂರು, ಒಂದು ತೊಟ್ಟಿಲು, ಒಂದು ನಲ್ಲಿ, ಗೋಡೆಯ ಮೇಲೆ ನಗುವ ಕೂಸಿನ ಚಿತ್ರ, ಇನ್ನೂ ಪ್ಲಾಸ್ಟಿಕ್ ಹೊದಿಕೆ ತೆಗೆಯದ ಕುರ್ಚಿಗಳು. ಬಾಗಿಲಿಗೆ ಬೀಗ. ಬೀಗಕ್ಕೆ ಪ್ರತಿ ಆಯುಧ ಪೂಜೆಗೂ ಚೆಂಡು ಹೂವಿನ ಸರ, ಅರಿಶಿನ ಕುಂಕುಮ. ಮುಂದೆ ಒಂದು ಫಲಕ. ಅದರಲ್ಲಿ ಹೀಗಿದೆ: "ಸುಧಾರಣಾ ಸಮಿತಿಯ ದೂರದೃಷ್ಟಿಯಿಂದ ನಿರ್ಮಾಣಗೊಂಡ ಈ ಕೋಣೆಯನ್ನು, ಜನರು ಹೊಲಸು ಮಾಡಬಾರದೆಂಬ ಕಾಳಜಿಯಿಂದ ಉದ್ಘಾಟನೆಯ ದಿನ ಸಂಜೆಯೇ ಬೀಗ ಹಾಕಿ, ಗಣ್ಯರು ಪರಿಶೀಲನೆಗೆ ಬಂದಾಗ ಮಾತ್ರ ತೆರೆದು, ತಲೆಮಾರುಗಳ ಕಾಲ ಹೊಸದರಂತೆಯೇ ಕಾಪಾಡಲಾಗಿದೆ."

ಓದಿದಿರಾ? ಇನ್ನೊಮ್ಮೆ ಓದಿ. ಇದನ್ನು ಹೊಗಳಿಕೆಯೆಂದು ಬರೆದಿದ್ದಾರೆ.

ನನಗೆ ನಿಮ್ಮ ಮನಸ್ಸು ಅರ್ಥವಾಗುವುದಿಲ್ಲವೆಂದಲ್ಲ. ನಮ್ಮ ಮನೆಯಲ್ಲೂ ಶೋಕೇಸಿನಲ್ಲಿ ಯಾರೂ ಚಹಾ ಕುಡಿಯದ ಕಪ್ಪುಗಳಿವೆ. ಒಳ್ಳೆಯದನ್ನು ನಾವು ಬರುವವರಿಗಾಗಿ ಎತ್ತಿಡುತ್ತೇವೆ, ಬರುವವರು ಬಂದರೆ ಅವರಿಗೂ ಸ್ಟೀಲ್ ಲೋಟದಲ್ಲೇ ಕೊಡುತ್ತೇವೆ. ಕಪ್ಪುಗಳಿಗೆ ಹಾಗೆ ಮಾಡಿ, ಯಾರೂ ಸಾಯುವುದಿಲ್ಲ. ನೀವು ತಾಯಂದಿರ ಕೋಣೆಗೆ ಹಾಗೆ ಮಾಡಿದಿರಿ. ಮುಂದೆ ಬಳಕೆಗಣ್ಣು ಬಂದಾಗ ಅದು ಹಳೆಯ ಲೆಕ್ಕವನ್ನೆಲ್ಲ ನೋಡಿತು. ಆ ಕೋಣೆಯಲ್ಲಿ ಒಬ್ಬ ತಾಯಿಯೂ ಕೂತಿರಲಿಲ್ಲ. ಬಳಕೆ ಸೊನ್ನೆ, ಆದ್ದರಿಂದ ಅಗತ್ಯ ಸೊನ್ನೆ ಎಂದಿತು. ಆಮೇಲೆ ಕಟ್ಟಿದ ಯಾವ ನಿಲ್ದಾಣದಲ್ಲೂ ಅಂಥ ಕೋಣೆ ಬರಲಿಲ್ಲ. ಅದಕ್ಕೆ ಬೀಗದ ಸುದ್ದಿ ಯಾರೂ ಹೇಳಿರಲಿಲ್ಲ.

ಕಳೆದ ಸೋಮವಾರ ಬಿಸಿಲುತಂಗಿಗೆ ನಮ್ಮ ಬಸ್ಸು ನಾಗರಕಟ್ಟಿಗೆ ಬಂತು. ರೇವಾ ಗದ್ದಲದಲ್ಲಿ, ಬೆಳಕಿನಲ್ಲಿ ಮೊಲೆ ಹಿಡಿಯುವುದಿಲ್ಲ. ಸೆರಗು ಮುಚ್ಚಿದರೆ ಬೆವರಿ ಚೀರುತ್ತಾಳೆ. ಹಿಂಡಿ ಒಯ್ದ ಹಾಲು ಆ ಸೆಕೆಗೆ ಒಡೆಯುತ್ತದೆ. ಎದುರಿಗೆ ಕೂತವರು ಕರುಣೆಯಿಂದಲೇ ನೋಡುತ್ತಿದ್ದರು, ಆದರೆ ನೋಡುತ್ತಿದ್ದರು. ಎರಡು ಗಂಟೆ ಹೊತ್ತು ಅತ್ತ ಕೂಸು ಆಮೇಲೆ ಅಳುವುದನ್ನು ಬಿಟ್ಟಿತು. ಅತ್ತದ್ದಕ್ಕಿಂತ ಅಳು ನಿಂತದ್ದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ಕುತ್ತಿಗೆ ಹಿಡಿದರೂ ತಲೆ ವಾಲುತ್ತಿತ್ತು. ನಾನು ಎದ್ದು ಆ ಕೋಣೆಯ ಬಾಗಿಲಿಗೆ ಹೋದೆ. ಅಲ್ಲಿ ತಂಗುಪಾಲಕ ಗದಿಗೆಪ್ಪ, ಎಂದರೆ ಬಿಸಿಲುತಂಗಿನಲ್ಲಿ ನಿಲ್ದಾಣ ನೋಡಿಕೊಳ್ಳುವ ನೌಕರ, ಸ್ಟೂಲಿನ ಮೇಲೆ ಕೂತಿದ್ದ.

"ಯಣ್ಣಾ, ಬಾಗಲಾ ತಗಿ. ಕೂಸಿಗೆ ಹಾಲು ಕುಡಸಬೇಕು," ಎಂದೆ.

"ಅಕ್ಕಾರ, ಅದು ಪರಂಪರಾ ಖೋಲಿ ಐತ್ರಿ. ಮುಟ್ಟಂಗಿಲ್ಲ."

"ಮ್ಯಾಲೆ ಏನ್ ಬರದೈತಿ ಓದು."

"ಬರದೈತ್ರಿ. ಬರದದ್ದನ್ನೂ ಕಾಪಾಡೂದ ನನ್ನ ಡ್ಯೂಟಿ ಐತ್ರಿ." ಅವನು ವ್ಯಂಗ್ಯವಾಡುತ್ತಿರಲಿಲ್ಲ. ಕೂಸನ್ನು ನೋಡಿ ಅವನ ಮುಖವೂ ಬಾಡಿತ್ತು. "ನನ್ನ ಕೈಯಾಗ ಏನೈತ್ರಿ ಅಕ್ಕಾರ? ಒಳಗ ಕಾಲಿಟ್ಟರ ಕಣ್ಣು ನೋಡತೈತಿ, ನನ್ನ ಮನೀಗಿ ಕಳಸ್ತೈತಿ. ಕಸಬರಿಗಿ ಹಿಡದವರು ಅಷ್ಟ ಹೋಗಬೇಕ್ರಿ, ಧೂಳಾ ತಗೀಲಿಕ್ಕ."

ಪಕ್ಕದಲ್ಲೇ ಕಸ ಗುಡಿಸುವ ಫಕೀರವ್ವ ನಿಂತು ಕೇಳುತ್ತಿದ್ದಳು. ನಾನು ಅವಳ ಕೈಯಿಂದ ಕಸಬರಿಗೆ ಕಿತ್ತುಕೊಂಡೆ. ಹೌದು, ಕಿತ್ತುಕೊಂಡೆ, ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

"ಅಯ್ಯ ಯವ್ವಾ, ನನ್ನ ನೌಕರಿ ಕಸಗೊಂತಾಳ ನೋಡ್ರಿ ಈಕಿ!" ಎಂದು ಅವಳು ಕೂಗಿದಳು. ಆಮೇಲೆ ರೇವಾಳ ತುಟಿ ನೋಡಿದಳು, ದನಿ ತಗ್ಗಿಸಿದಳು. "ಹೋಗು ಹೋಗು. ಸುಮ್ನ ಹಿಡಕೊಂಡು ಕುಂದರಬ್ಯಾಡ, ಮೂಲ್ಯಾಗ ಎರಡ ಸಲ ಆಡಸು. ಕಾಲೇಜ ಕಲತಾಕಿ, ಕಸಾ ಹೊಡಿಯೂದು ಕಲಿಸ್ಯಾರೋ ಇಲ್ಲೋ ನಿನಗ?" ನಂತರ ಗದಿಗೆಪ್ಪನಿಗೆ, "ಏನ್ ಬಾಯಿ ತಕ್ಕೊಂಡು ನಿಂತೀಯೋ? ಕಸಬರಿಗಿ ಐತಿಲ್ಲ ಆಕಿ ಕೈಯಾಗ? ಕೀಲಿ ತಗಿ!"

ಅವನು ತೆರೆದ. ನಾನು ಒಂದು ಕೈಯಲ್ಲಿ ಕಸಬರಿಗೆ, ಇನ್ನೊಂದು ಕೈಯಲ್ಲಿ ಕೂಸು ಹಿಡಿದು ಒಳಗೆ ಹೋದೆ. ಕುರ್ಚಿ ಮುಟ್ಟುವಂತಿರಲಿಲ್ಲ, ನೆಲದ ಮೇಲೆ ಕೂತು ಗೋಡೆಗೆ ಬೆನ್ನು ಕೊಟ್ಟೆ. ನಮ್ಮ ಕಂಡಕ್ಟರ್ ಹೊರಗಿನಿಂದ ಕಿಟಕಿಯ ಗಾಜಿಗೆ ತನ್ನ ಟವೆಲ್ ಇಳಿಬಿಟ್ಟ. "ಸೀಟ್ ಹಿಡದೀನ್ರಿ, ಯಾರೂ ನೋಡಬ್ಯಾಡ್ರಿ," ಎಂದು ಅವನು ಹೇಳಿದ್ದು ಕೇಳಿಸಿತು. ಗೋಡೆ ತಂಪಾಗಿತ್ತು. ಎಷ್ಟು ತಂಪಾಗಿತ್ತೆಂದರೆ ನನಗೆ ಅಳು ಬಂತು. ನೀವು ಕೆಟ್ಟದಾಗಿ ಕಟ್ಟಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ನೀವು ಚೆನ್ನಾಗಿ ಕಟ್ಟಿದ್ದಿರಿ. ನಸುಗತ್ತಲಲ್ಲಿ, ಸದ್ದಿಲ್ಲದ ಆ ಜಾಗದಲ್ಲಿ ರೇವಾ ಮೊದಲು ಸುಮ್ಮನೆ ತುಟಿ ಆಡಿಸಿದಳು, ಆಮೇಲೆ ಹಿಡಿದಳು, ಆಮೇಲೆ ಬಿಡಲಿಲ್ಲ. ಅವಳ ಪಟ್ಟಿಗಾಲು ನನ್ನ ತೊಡೆಗೆ ಬಡಿಯತೊಡಗಿದಾಗ ನನಗೆ ಉಸಿರು ಬಂತು. ಕೋಣೆಯ ಸೂರಿನಲ್ಲೂ ಒಂದು ಬಳಕೆಗಣ್ಣಿದೆ. ನಾನು ಹಾಲುಣಿಸುವಷ್ಟು ಹೊತ್ತೂ ಅದು ನನ್ನನ್ನೇ ನೋಡುತ್ತಿತ್ತು. ನಡುನಡುವೆ ನಾನು ಕಾಲ ಬೆರಳಿನಿಂದ ಕಸಬರಿಗೆಯನ್ನು ಅತ್ತಿತ್ತ ಸರಿಸಿದೆ.

ಹೊರಗೆ ಬಂದಾಗ ಬಾಗಿಲ ಮುಂದೆ ಸಾಲು ನಿಂತಿತ್ತು. ಕೂಸು ಎತ್ತಿಕೊಂಡ ಹುಡುಗಿಯರು, ಒಬ್ಬ ತುಂಬು ಬಸುರಿ, ಎರಡು ದಿನದಿಂದ ಜ್ವರ ಬಂದ ಮೊಮ್ಮಗನನ್ನು ಹೊತ್ತ ಒಬ್ಬ ಅಜ್ಜಿ. ಇಷ್ಟು ಜನ ಇಷ್ಟು ದಿನ ಎಲ್ಲಿದ್ದರು ಎನಿಸಿತು. ಅವರು ಅಲ್ಲೇ ಇದ್ದರು, ಜಾರುಬೆಂಚಿನ ಮೇಲೆ. "ಸರತಿ ಹಚ್ಚರ್ರಿ! ಕಸಬರಿಗಿ ಒಂದ ಐತಿ, ಮುರದೀರಿ!" ಎಂದು ಫಕೀರವ್ವ ಗದರಿಸುತ್ತಿದ್ದಳು. ಕಸಬರಿಗೆ ಕೈಯಿಂದ ಕೈಗೆ ಹೋಯಿತು. ನಾಲ್ಕು ಗಂಟೆಗೆ ಬಸ್ಸು ಹೊರಡುವವರೆಗೂ ನಾಗರಕಟ್ಟಿಯ ಆ ಕೋಣೆಯನ್ನು ಗುಡಿಸಿದಷ್ಟು ಈ ರಾಜ್ಯದಲ್ಲಿ ಯಾವ ಕೋಣೆಯನ್ನೂ ಗುಡಿಸಿರಲಿಕ್ಕಿಲ್ಲ. ಆಸ್ಪತ್ರೆಯಲ್ಲಿ ತೂಗಿದಾಗ ರೇವಾಳ ತೂಕ ಇಳಿದಿರಲಿಲ್ಲ. ಪಟ್ಟಿ ಬದಲಿಸಿದರು. ಪಾದ ಇನ್ನಷ್ಟು ಹೊರಕ್ಕೆ ಬಂದಿದೆ, ಇನ್ನು ಮೂರು ಸಲ ಸಾಕು ಎಂದರು.

ಇದು ಇಲ್ಲಿಗೆ ಮುಗಿದಿದ್ದರೆ ನಾನು ನನ್ನ ತಾಯಿಗೇ ಬರೆಯುತ್ತಿದ್ದೆ. ಮರಳಿ ಬರುವಾಗ ನಿಲ್ದಾಣದ ಗೋಡೆಯ ಮೇಲೆ ಬಳಕೆಗಣ್ಣಿನ ಪ್ರಕಟಣೆ ಬೆಳಗುತ್ತಿತ್ತು. "ಹಾಲುಣಿಸುವ ಕೋಣೆ: ಬಳಕೆ ಸೊನ್ನೆ. ಶುಚಿಕಾರ್ಯ ಮಿತಿಮೀರಿದೆ. ಬರುವ ಸೋಮವಾರದೊಳಗೆ ಬಾಗಿಲನ್ನು ಗಾಜಿನಿಂದ ಶಾಶ್ವತವಾಗಿ ಮುಚ್ಚಲಾಗುವುದು. ಇದರಿಂದ ಧೂಳು ಒಳಬಾರದು, ಶುಚಿಯ ಅಗತ್ಯವೂ ಉಳಿಯದು."

ಕಸಬರಿಗೆ ಹಿಡಿದವಳು ಗುಡಿಸುವವಳು. ಅವಳ ಮಡಿಲಲ್ಲಿ ಕೂಸಿದ್ದರೂ ಅದು ಕೂಸನ್ನು ಎಣಿಸಲಿಲ್ಲ. ಅದಕ್ಕೆ ಹಾಗೆ ಕಲಿಸಿದವರು ನೀವು. ಆ ಕೋಣೆಗೆ ತಾಯಿ ಹೋಗುವುದಿಲ್ಲ, ಗುಡಿಸುವವರು ಮಾತ್ರ ಹೋಗುತ್ತಾರೆ ಎಂದು ಮೊದಲ ದಿನದಿಂದ ತೋರಿಸಿಕೊಟ್ಟಿರಿ. ಅರ್ಜಿ ಕೊಟ್ಟೆ. ಅರ್ಜಿಗಳನ್ನೂ ಅದೇ ಕಣ್ಣು ಓದುತ್ತದೆ. ಗಾಜಿನವರು ಬಂದು ಅಳತೆ ತೆಗೆದುಕೊಂಡು ಹೋದರೆಂದು ಗದಿಗೆಪ್ಪ ಹೇಳಿ ಕಳಿಸಿದ್ದಾನೆ. ಇನ್ನು ಮೂರು ಸಲ ಸಾಕು ಎಂದ ಪಾದಕ್ಕೆ ನಾನು ಆ ಮೂರು ಬಿಸಿಲುತಂಗುಗಳನ್ನು ಹೇಗೆ ದಾಟಿಸಲಿ?

ಇಲ್ಲಿ ನನ್ನ ಕೈಯಲ್ಲಿ ಮಾಡುವಂಥದ್ದೇನೂ ಉಳಿದಿಲ್ಲ. ಅಲ್ಲಿ, ನಿಮ್ಮ ಕೈಯಲ್ಲಿ ಇದೆ. ಈ ಪತ್ರ ಉದ್ಘಾಟನೆಯ ಹಿಂದಿನ ದಿನ ನಿಮಗೆ ತಲುಪಬೇಕೆಂದು ಹೇಳಿದ್ದೇನೆ. ನೀವು ಈಗ ಕೂತು ಶಾಮಿಯಾನ ಎಲ್ಲಿ ಹಾಕಿಸಬೇಕು, ಯಾರಿಗೆ ಯಾವ ಸಾಲಿನ ಕುರ್ಚಿ, ಹಾರ ಎಷ್ಟು ಬೇಕು ಎಂದು ಚರ್ಚಿಸುತ್ತಿದ್ದೀರಿ. ಮಾಡಿಕೊಳ್ಳಿ. ಟೇಪು ಕತ್ತರಿಸಿ, ಕಾಯಿ ಒಡೆಯಿರಿ, ಫೋಟೋ ತೆಗೆಸಿಕೊಳ್ಳಿ. ಸಂಜೆ ಶಾಮಿಯಾನ ಬಿಚ್ಚುವಾಗ ನಿಮ್ಮಲ್ಲೊಬ್ಬರು "ಜನಾ ಹೊಲಸ ಮಾಡ್ತಾರ, ಕೀಲಿ ಹಾಕಿ ಬಿಡ್ರಿ" ಎನ್ನುತ್ತಾರೆ. ಕೆಟ್ಟ ಮನುಷ್ಯರೇನಲ್ಲ. ಅವರ ಬಾಯಿ ಮುಚ್ಚಿಸಿ. ಆ ಬೀಗವನ್ನು ನಿಮ್ಮ ಗೋದಾಮಿಗೆ ಹಾಕಿಕೊಳ್ಳಿ, ನಿಮ್ಮ ಬಾಯಿಗೆ ಹಾಕಿಕೊಳ್ಳಿ, ಆ ಬಾಗಿಲಿಗೆ ಬೇಡ. ಕುರ್ಚಿಗಳ ಪ್ಲಾಸ್ಟಿಕ್ ನೀವೇ ಕೈಯಾರೆ ಹರಿಯಿರಿ. ಅಂದೇ ಸಂಜೆಯ ಬಸ್ಸಿಗೆ ಕಾಯುತ್ತಿರುವ ಒಬ್ಬ ಕೂಸಿನ ತಾಯಿಯನ್ನು ಕರೆದು ಒಳಗೆ ಕೂರಿಸಿ. ಹೊಲಸಾಗಲಿ. ಹಾಲು ಚೆಲ್ಲಲಿ, ಕೂಸುಗಳು ಕಕ್ಕಲಿ, ಗೋಡೆಗೆ ತಲೆಯೆಣ್ಣೆಯ ಕಲೆಯಾಗಲಿ, ತೊಟ್ಟಿಲಿನ ಹಗ್ಗ ಹರಿಯಲಿ. ಹೊಲಸಾದರೆ ತೊಳೆಸಿ, ಹರಿದರೆ ಕಟ್ಟಿಸಿ. ಮನುಷ್ಯರು ಬಳಸುವ ಜಾಗಕ್ಕೆ ಮಾಡುವುದು ಅಷ್ಟೇ.

ನೀವು ನನ್ನ ಮಾತು ಕೇಳಿದರೆ ನನಗೆ ಅದು ಗೊತ್ತಾಗುವುದಿಲ್ಲ. ಹಿಂದಂಚೆಯ ನಿಯಮ ಹಾಗಿದೆ. ಹಿಂದಿನದು ಬದಲಾದರೆ ಪತ್ರ ಬರೆದದ್ದೂ ಬರೆದವಳ ನೆನಪಿನಿಂದ ಹೋಗುತ್ತದೆ. ಹೋಗಲಿ. ಸೋಮವಾರ ನಾನು ಬಸ್ಸಿನಿಂದ ಇಳಿದು, ಆ ಬಾಗಿಲು ಯಾವತ್ತೂ ತೆರೆದೇ ಇದ್ದದ್ದೆಂಬಂತೆ ನೇರ ಒಳಗೆ ಹೋಗುತ್ತೇನೆ. ಒಳಗೆ ಕೂರಲು ಜಾಗವಿರುವುದಿಲ್ಲ. ನೆಲ ಒದ್ದೆಯಾಗಿರುತ್ತದೆ, ಯಾರದೋ ಕೂಸು ಕಿರುಚುತ್ತಿರುತ್ತದೆ, ಕುರ್ಚಿಯ ಕಾಲು ಮುರಿದಿರುತ್ತದೆ. ನಾನು ರೇವಾಳನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದು, "ಏನವ್ವಾ ಫಕೀರವ್ವಾ, ಇದೇನ ಖೋಲಿ ಇಟ್ಟೀಯೇ, ಕಾಲಿಡಾಕ ಆಗವಲ್ದು!" ಎಂದು ಜಗಳ ತೆಗೆಯುತ್ತೇನೆ. ಅವಳು ಕಸಬರಿಗೆ ಎತ್ತಿ ನನಗೆ ಎರಡು ಮಾತು ಹೆಚ್ಚಿಗೆ ಅನ್ನುತ್ತಾಳೆ.

ಆ ಜಗಳ ಆಡುವ ಭಾಗ್ಯವೊಂದನ್ನು ನನಗೆ ಕೊಡಿ. ಇದಕ್ಕಾಗಿ ನಾನು ನನ್ನ ತಾಯಿಗೆ ಬರೆಯಬೇಕಿದ್ದ ಪತ್ರವನ್ನು ಬಿಟ್ಟಿದ್ದೇನೆ.

ನೀಲಗಂಗಾ
ರೇವಾಳ ತಾಯಿ